ಪಡುವಲಿಗೆ ನಾಲೆ

ಅಶೋಕಪುರಂ, ಮೈಸೂರು
12 ಜುಲೈ 2024

ಅಕ್ಕ ಪುಟ್ಟಲಿಂಗಮ್ಮನಿಗೆ ತಮ್ಮ ಸಣ್ಣಮಾದಯ್ಯನ ನಮಸ್ಕಾರ.

ನಾನು ಚೆನ್ನಾಗಿದ್ದೇನೆ ಎಂದು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕಾಗದ ಪೂರ್ತಿ ನೀನು ಅದನ್ನೇ ಹುಡುಕುತ್ತಾ ಓದುತ್ತೀಯ. ಮಗಳು ಭಾನುಪ್ರಿಯಾ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಫೋನು ಮಾಡಬಹುದಿತ್ತು. ಆದರೆ ನಿನಗೆ ಕಿವಿ ಕೇಳಿಸುವುದಿಲ್ಲ, ಅಮರನಿಗೆ ಹೇಳಿದರೆ ಅರ್ಧ ಅವನ ಹೊಟ್ಟೆಯಲ್ಲೇ ಉಳಿಯುತ್ತದೆ. ನೀನು ಹೆತ್ತ ಮಗನನ್ನು ಹೀಗಂದೆ ಎಂದು ಬೇಜಾರು ಮಾಡಿಕೊಳ್ಳಬೇಡ. ಕಾಗದವಾದರೆ ನೀನೇ ಬಿಡಿಸಿ ಓದುತ್ತೀಯ. ನಿನ್ನ ಕೈಗೆ ಬರುವ ಮೊದಲೇ ಅಂಟು ಕಿತ್ತಿದ್ದರೆ ನನಗೆ ಬರಿ.

ವಿಷಯ ಏನೆಂದರೆ, ಲಕ್ಷ್ಮೀಪುರಂನಲ್ಲಿ ಒಂದು ಹಳೇ ಮನೆಯ ಗೋಡೆ ಒಡೆದು ಚಿತ್ರ ತೂಗುಹಾಕುವ ಹಾಲ್ ಮಾಡಿದ್ದಾರೆ. ಅದನ್ನು ನಡೆಸುವ ಲಾಸ್ಯ ಮೇಡಂ ನನ್ನನ್ನು ಹುಡುಕಿಕೊಂಡು ಮನೆಗೇ ಬಂದಿದ್ದರು. ನಜರ್‌ಬಾದಿನ ಹಿಂಡಿ ಬೂಸಾ ಅಂಗಡಿಯ ಶಟರಿನ ಮೇಲೆ ನಾನು ಬರೆದಿದ್ದ ಎತ್ತುಗಳನ್ನು ನೋಡಿದರಂತೆ. ಇಷ್ಟು ವರ್ಷ ಅಂಗಡಿಯವರು ಹೇಳಿದ್ದು ಬರೆದಿದ್ದೀರ, ಈಗ ನಿಮ್ಮೂರನ್ನು ದೊಡ್ಡ ಕ್ಯಾನ್ವಾಸಿನ ಮೇಲೆ ಬರೆದುಕೊಡಿ ಎಂದರು. ಅವರ ಮನಸ್ಸಿನಲ್ಲಿ ಏನಿದೆಯೋ ಗೊತ್ತಿಲ್ಲ. ಕಾಲೇಜಿನಲ್ಲಿ ಚಿತ್ರ ಕಲಿತವರು ಈ ಊರಿನಲ್ಲಿ ಬೀದಿಗೊಬ್ಬರಿರುವಾಗ ಬೋರ್ಡು ಬರೆಯುವವನೇ ಯಾಕೆ ಬೇಕು? ಕೇಳುವ ಮೊದಲೇ ಬಟ್ಟೆ, ಬಣ್ಣ ಎಲ್ಲ ಕಳಿಸಿಕೊಟ್ಟರು. ಅದರಿಂದ ನನಗೆ ಅನುಮಾನ ಇನ್ನೂ ಹೆಚ್ಚಾಯಿತು.

ಆದರೂ ಮಾಡಬೇಕು ಅನ್ನಿಸಿದೆ ಅಕ್ಕ. ಜೀವಮಾನವೆಲ್ಲ ಬೇರೆಯವರ ಹೆಸರನ್ನೇ ಬರೆದೆ.

ನಮ್ಮ ಗದ್ದೆಯನ್ನೇ ಬರೆಯುತ್ತೇನೆ. ನಡುವೆ ನೀನು ನಾಟಿ ಹಾಕುತ್ತಾ ನಿಂತಿರಬೇಕು. ಅದಕ್ಕೆ ನನಗೆ ಬೇಕಾದ್ದು ಇಷ್ಟು: ಗದ್ದೆಗೆ ಮೂಡಲಿಗೆ ಏನಿದೆ, ಪಡುವಲಿಗೆ ಏನಿದೆ, ತೆಂಕಲಿಗೆ, ಬಡಗಲಿಗೆ ಏನೇನಿದೆ, ನಾಲೆಯಿಂದ ನಮ್ಮ ಬದು ಎಷ್ಟು ದೂರ, ಯಾವ ಮರ ಯಾರ ಬದುವಿನಲ್ಲಿದೆ. ಸರಿಯಾಗಿ ನೋಡಿ ಬರಿ. ಯಾರಿಗೂ ಹೇಳಬೇಡ, ಅದರಲ್ಲೂ ದೊಡ್ಡಪ್ಪನ ಮಗ ಮೂಗಣ್ಣನಿಗೆ. ನಾನೇ ಬಂದು ನೋಡೋಣವೆಂದರೆ ಈಗ ಕೆಲಸ ಬಹಳ ಇದೆ.

ನಿನ್ನ ತಮ್ಮ
ಮಾದ

*

ಸೋರೆಹುಂಡಿ
25 ಜುಲೈ 2024

ತಮ್ಮ ಮಾದನಿಗೆ,

ಅಂಟು ಸರಿಯಾಗಿತ್ತು. ಯಾರಿಗೂ ತೋರಿಸಲಿಲ್ಲ ಎಂದು ಬರೆದರೆ ಮಾತ್ರ ಸುಳ್ಳಾಗುತ್ತದೆ. ನೀನು ಬೋರ್ಡು ಬರೆದ ಹಾಗೆ ಅಕ್ಷರದ ಬಾಲ ಸುತ್ತುತ್ತೀಯ. ರಾತ್ರಿ ಶಾಲೆಯಲ್ಲಿ ಕಲಿತ ನನ್ನ ಕಣ್ಣಿಗೆ ಕೆಲವು ಹತ್ತಲಿಲ್ಲ. ಅಮರ ಮನೆಯಲ್ಲಿರಲಿಲ್ಲ. ಮೂಗಣ್ಣ ಜಗುಲಿ ಮೇಲೆ ಕೂತಿದ್ದ, ಅವನ ಕೈಗೇ ಕೊಟ್ಟೆ.

ಅವನು ಎರಡು ಸಲ ಓದಿ ಮಡಚಿ ಕೊಟ್ಟ. "ಇದು ಚಿತ್ರ ಅಲ್ಲ ಕಣಮ್ಮಿ, ಚಕ್ಕುಬಂದಿ, ಜಮೀನಿನ ನಾಲ್ಕು ಎಲ್ಲೆ. ಕ್ರಯಪತ್ರ ಬರೆಸೋರು ಕೇಳೋದು ಹಿಂಗೇಯ" ಎಂದು ನನ್ನ ಕಿವಿಯ ಹತ್ತಿರ ಬಂದು ಹೇಳಿದ. ನಾನು ನಕ್ಕೆ. ಸಣ್ಣದರಲ್ಲೂ ಮಾಟ ಕಾಣುವವನು ಅವನು.

ಅಪ್ಪನ ಒಂದೂವರೆ ಎಕರೆ ಇನ್ನೂ ಅಪ್ಪನ ಹೆಸರಿನಲ್ಲೇ ಇರುವುದು ನಿನಗೆ ಗೊತ್ತೇ ಇದೆ. ಗಂಡ ತೀರಿಕೊಂಡು ಅಮರನನ್ನು ಸೊಂಟದ ಮೇಲೆ ಹೊತ್ತುಕೊಂಡು ಬಂದಾಗಿನಿಂದ ಅದರ ಅನ್ನವನ್ನೇ ತಿಂದಿದ್ದೇನೆ. ಈಚೆಗೆ ರಸ್ತೆ ಅಗಲ ಮಾಡುತ್ತಾರಂತೆ. ಕಾರಿನಲ್ಲಿ ಜನ ಬಂದು ಬದುವಿನ ಮೇಲೆ ನಿಂತು ಕೈ ತೋರಿಸಿಕೊಂಡು ಹೋಗುತ್ತಾರೆ. ಸೈಟು ಮಾಡುವವರು ಎಂದು ಅಮರ ಹೇಳಿದ.

ಇಷ್ಟು ವರ್ಷ ನೀನು ನಮ್ಮ ಬದು ಎಲ್ಲಿದೆ ಎಂದು ಕೇಳಿದವನಲ್ಲ. ಬಸ್ಸಿನಲ್ಲಿ ಒಂದು ಗಂಟೆ ದಾರಿ. ಬಂದು ಕಣ್ಣಾರೆ ನೋಡಿಕೊಂಡು ಹೋಗು. ಅನ್ನ ಇಕ್ಕುವುದಕ್ಕೆ ನನಗೇನೂ ಕಷ್ಟವಿಲ್ಲ.

ಪುಟ್ಟಲಿಂಗಮ್ಮ

*

ಅಶೋಕಪುರಂ
4 ಆಗಸ್ಟ್ 2024

ಅಕ್ಕನಿಗೆ,

ಬೇಡ ಎಂದವನಿಗೇ ತೋರಿಸಿದೆಯಲ್ಲ. ಮೂಗಣ್ಣ ಈಗ ಊರಿಗೆಲ್ಲ ಹೇಳಿರುತ್ತಾನೆ. ಚಿತ್ರ ಕೆಟ್ಟರೆ ಊರು ನಗುತ್ತದೆ ಎಂದು ಬೇಡ ಅಂದಿದ್ದು, ಬೇರೆ ಯಾವ ಕಾರಣಕ್ಕೂ ಅಲ್ಲ. ಚಕ್ಕುಬಂದಿಯಂತೆ! ನಾನು ಯಾವತ್ತಾದರೂ ನನ್ನ ಪಾಲು ಕೊಡು ಎಂದು ಬಾಯಿ ಬಿಟ್ಟಿದ್ದೇನೆಯೇ?

ಯಾಕೆ ದಿಕ್ಕು ಕೇಳಿದೆ ಎಂದು ಹೇಳುತ್ತೇನೆ, ಸಾವಧಾನವಾಗಿ ಓದು. ಚಿತ್ರದಲ್ಲಿ ಮೂಡಲು ಯಾವ ಕಡೆ ಎಂದು ಗೊತ್ತಾಗದೆ ಒಂದು ನೆರಳನ್ನೂ ಹಾಕಲು ಆಗುವುದಿಲ್ಲ. ನನ್ನ ನೆನಪಿನಲ್ಲಿ ನಾಲೆ ಮೂಡಲಿಗಿದೆ. ಬೆಳಿಗ್ಗೆ ಬಿಸಿಲು ನಾಲೆಯ ನೀರಿನ ಮೇಲೆ ಬಿದ್ದು, ಅಲ್ಲಿಂದ ಎದ್ದು ನಿನ್ನ ಬೆನ್ನ ಮೇಲೆ ಬೀಳುತ್ತಿತ್ತು. ಬಡಗಲ ಬದುವಿನಲ್ಲಿ ಹೊಂಗೆ ಮರ. ಹಾಗೇ ಬರೆದಿದ್ದೇನೆ, ಮುಕ್ಕಾಲು ಪಾಲು ಮುಗಿದಿದೆ. ಆದರೆ ಶಾಲೆ ಬಿಟ್ಟು, ಹದಿನಾಲ್ಕಕ್ಕೇ ಊರೂ ಬಿಟ್ಟವನ ನೆನಪು ಅದು. ಆಮೇಲೆ ಹಬ್ಬಕ್ಕೆ ಬಂದಾಗ ಉಂಡೆ, ಮಲಗಿದೆ, ಸಂಜೆ ಬಸ್ಸಿಗೆ ಎದ್ದು ಬಂದೆ. ಗದ್ದೆ ಕಡೆ ಕಾಲಿಟ್ಟೆನೆ? ನಿದ್ದೆಯಲ್ಲಿ ಎಚ್ಚರವಾದರೆ ನಾಲೆ ಯಾವ ಕಡೆ ಎಂಬುದೇ ಗಾಬರಿಯಾಗುತ್ತದೆ. ತಪ್ಪಾಗಿದ್ದರೆ, ಬೋರ್ಡಿನವನು ಕ್ಯಾಲೆಂಡರು ನೋಡಿ ಬರೆದಿದ್ದಾನೆ ಎನ್ನುತ್ತಾರೆ. ಲಾಸ್ಯ ಮೇಡಂ ಬಂದಾಗಲೆಲ್ಲ ಏನೂ ಮಾತಾಡದೆ ಚಿತ್ರ ನೋಡಿಕೊಂಡು ಹೋಗುತ್ತಾರೆ. ಮೆಚ್ಚಿದವರು ಬಾಯಿ ಬಿಟ್ಟು ಹೇಳಬೇಕಲ್ಲವೇ?

ಬರುವುದಕ್ಕೆ ಈಗ ಆಗುವುದಿಲ್ಲ ಎಂದೆನಲ್ಲ. ಯಾಕೆ ಏನು ಎಂದು ಕೇಳಬೇಡ. ಬರೆದು ಕಳಿಸು.

ಮಾದ

*

ಸೋರೆಹುಂಡಿ
17 ಆಗಸ್ಟ್ 2024

ಮಾದನಿಗೆ,

ಪಾಲು ಎನ್ನುವ ಮಾತನ್ನು ನಾನು ಬರೆದಿರಲಿಲ್ಲ. ನಿನ್ನ ಕಾಗದದಲ್ಲೇ ಮೊದಲು ನೋಡಿದ್ದು.

ಇರಲಿ, ಕೇಳಿದ್ದೀಯ, ಬರೆಯುತ್ತೇನೆ. ನಿನ್ನ ನೆನಪು ತಪ್ಪು. ಮೂಡಲಿಗೆ ಮೂಗಣ್ಣನ ಗದ್ದೆ. ಪಡುವಲಿಗೆ ನಾಲೆ. ಬಡಗಲಿಗೆ ಬಂಡಿ ದಾರಿ. ತೆಂಕಲಿಗೆ ಮೂರು ತೆಂಗಿನ ಮರ, ಮೂರನೆಯದು ನಾಲೆಯ ಕಡೆಗೆ ಬಾಗಿಕೊಂಡಿದೆ. ಹೊಂಗೆ ಈಗ ಇಲ್ಲ, ಕಡಿಸಿದೆವು. ಬದುವಿನಿಂದ ನಾಲೆಗೆ ಕೂಗಿದರೆ ಕೇಳಿಸುವಷ್ಟು ದೂರ.

ನಾಟಿ ಶುರುವಾಗಿದೆ. ಹೆಣ್ಣಾಳು ಸಿಕ್ಕುವುದು ಕಷ್ಟ. ಅಮರನೂ ಕೆಸರಿಗೆ ಇಳಿದಿದ್ದಾನೆ. ಇಷ್ಟು ಸಾಕಲ್ಲ ನಿನ್ನ ಚಿತ್ರಕ್ಕೆ? ಇನ್ನೂ ಏನಾದರೂ ಬೇಕೆಂದು ಯಾರಾದರೂ ಹೇಳಿದರೆ ಅವರ ಹೆಸರು ಬರಿ.

ಪುಟ್ಟಲಿಂಗಮ್ಮ

*

ಅಶೋಕಪುರಂ
30 ಆಗಸ್ಟ್ 2024

ಅಕ್ಕನಿಗೆ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಆಮೇಲೆ ಕತ್ತಿ ತೆಗೆದುಕೊಂಡು ನಾಲೆಯನ್ನೆಲ್ಲ ಕೆರೆದು ಹಾಕಿದೆ. ಒಂದು ನಾಲೆ ಹೋದರೆ ಒಂದೇ ಹೋಗುವುದಿಲ್ಲ ಕಣಕ್ಕ. ನೀರು ಪಡುವಲಿಗಿದೆ ಎಂದ ಮೇಲೆ ಬೆಳಗಿನ ಬಿಸಿಲಿಗೆ ಅಲ್ಲಿ ಕೆಲಸವಿಲ್ಲ. ಇಡೀ ಚಿತ್ರವನ್ನು ಸಂಜೆಗೆ ತಿರುಗಿಸಿದೆ. ಬಗ್ಗಿ ನಾಟಿ ಹಾಕುತ್ತಿದ್ದವಳನ್ನು ಎಬ್ಬಿಸಿ, ಸೊಂಟದ ಮೇಲೆ ಕೈ ಇಡಿಸಿ, ನಾಲೆಯ ಕಡೆ ಮುಖ ಮಾಡಿಸಿದ್ದೇನೆ. ಮೂರು ತೆಂಗು ಹಾಕಿದ್ದೇನೆ.

ಭಾನು ನಕ್ಕಳು. "ಯಾಕಪ್ಪ ಒದ್ದಾಡ್ತೀಯ, ಫೋನಲ್ಲಿ ಮ್ಯಾಪ್ ತೆಗುದ್ರೆ ಮೇಲಿಂದ ನಿಮ್ಮೂರೆಲ್ಲ ಕಾಣುತ್ತೆ" ಎಂದು ಫೋನು ಚಾಚಿದಳು. ನಾನು ನೋಡಲಿಲ್ಲ. ಯಾವ ದೇಶದವನೋ ಯಾವಾಗಲೋ ಆಕಾಶದಿಂದ ತೆಗೆದದ್ದು, ಅವನಿಗೆ ನಮ್ಮ ನಾಲೆ ಏನು ಗೊತ್ತು? ಅಲ್ಲಿ ದಿನಾ ಕಾಲಿಡುವ ನನ್ನಕ್ಕ ಬರೆದಿದ್ದಾಳೆ ಎಂದೆ. ಅವಳು ತಲೆ ಚಚ್ಚಿಕೊಂಡು ಒಳಗೆ ಹೋದಳು. ಅವಳೂ ಲಾಸ್ಯ ಮೇಡಮ್ಮೂ ಈಚೆಗೆ ಫೋನಿನಲ್ಲಿ ಮಾತಾಡಿಕೊಳ್ಳುತ್ತಾರೆ. ನಾನು ಹತ್ತಿರ ಹೋದರೆ ನಿಲ್ಲಿಸುತ್ತಾರೆ.

ಆದರೆ ಒಂದು ಮಾತು ಕೇಳಲೇಬೇಕು. ಹೊಂಗೆ ಮರವನ್ನು ಯಾಕೆ ಕಡಿಸಿದಿರಿ? ಅವ್ವ ನಮ್ಮಿಬ್ಬರನ್ನೂ ಅದರ ಕೆಳಗೆ ಮಲಗಿಸಿ ಕಳೆ ಕೀಳುತ್ತಿದ್ದಳು. ನನಗೆ ಒಂದು ಮಾತು ತಿಳಿಸಬೇಕು ಅನ್ನಿಸಲಿಲ್ಲವೇ? ಮರ ಹೋದ ಹಾಗೆ ಗದ್ದೆಯೂ ಹೋಗಿಲ್ಲ ತಾನೇ? ಕಾರಿನವರಿಗೆ ಏನಾದರೂ ಮಾತು ಕೊಟ್ಟಿದ್ದೀಯಾ? ಕೇಳಬಾರದಿತ್ತು, ಆದರೆ ಬರೆದಾಯಿತು, ಹೊಡೆದು ಹಾಕಿದರೆ ಕೆಳಗೆ ಏನಿತ್ತೋ ಎಂದು ನೀನು ಇನ್ನೂ ಬೇರೆ ಅಂದುಕೊಳ್ಳುತ್ತೀಯ.

ಮಾದ

*

ಸೋರೆಹುಂಡಿ
6 ಅಕ್ಟೋಬರ್ 2024

ಮಾದನಿಗೆ,

ನಿನ್ನ ಕಾಗದಕ್ಕೆ ಉತ್ತರ ಬರೆಯಬಾರದು ಎಂದಿದ್ದೆ. ಹಿರಿಯರ ಹಬ್ಬಕ್ಕೆ ಹೇಗೂ ಬರುತ್ತಾನೆ, ಎದುರಿಗೇ ಕೇಳೋಣ ಎಂದು ಕಾದೆ. ಅಪ್ಪ ಅವ್ವನಿಗೆ ಎಡೆ ಇಟ್ಟು, ಬಸ್ಸು ಬಂತೇ ನೋಡು ಎಂದು ಅಮರನನ್ನು ಕಳಿಸಿದೆ, ಮತ್ತೆ ಕಳಿಸಿದೆ. ಎಡೆ ಆರಿಹೋಯಿತು. ನೀನು ಬೇರೆ ಯಾವ ಹಬ್ಬಕ್ಕೆ ತಪ್ಪಿಸಿದರೂ ಇದಕ್ಕೆ ತಪ್ಪಿಸಿದವನಲ್ಲ.

ಬರಲಾರದವನು ಅಲ್ಲಿ ಕೂತು ನಾಲ್ಕು ದಿಕ್ಕನ್ನು ಮಾತ್ರ ಕೇಳುತ್ತೀಯ. ಗದ್ದೆ ಇದೆಯೋ ಹೋಯಿತೋ ಎನ್ನುತ್ತೀಯ. ಮುಖ ತೋರಿಸಲು ಏನು ಅಡ್ಡಿ? ಮುಖ ನೋಡಿದರೆ ನಾನು ಏನಾದರೂ ಓದಿಬಿಡುತ್ತೇನೆ ಎಂದೇ?

ನನಗೆ ಕಿವಿ ಹೋಗಿದೆ, ಅಷ್ಟೇ. ಗದ್ದೆ ನನ್ನ ಕಾಲ ಕೆಳಗೇ ಇದೆ. ಅಲ್ಲೇ ಇರುತ್ತದೆ.

ಪುಟ್ಟಲಿಂಗಮ್ಮ

*

ಅಶೋಕಪುರಂ
18 ಅಕ್ಟೋಬರ್ 2024

ಅಕ್ಕನಿಗೆ,

ಹಬ್ಬಕ್ಕೆ ಬಾರದ್ದಕ್ಕೆ ನಾನು ಏನು ಹೇಳಿದರೂ ನೆಪದ ಹಾಗೆ ಕೇಳಿಸುತ್ತದೆ. ಇಲ್ಲೇ ಅಪ್ಪ ಅವ್ವನ ಫೋಟೋ ಮುಂದೆ ಭಾನು ಎಡೆ ಇಟ್ಟಳು.

ಚಿತ್ರ ಮುಗಿಯಿತು. ನವೆಂಬರ್ ಹತ್ತರಿಂದ ಒಂದು ವಾರ ಲಕ್ಷ್ಮೀಪುರಂನ ಹಾಲಿನಲ್ಲಿ ಇಡುತ್ತಾರೆ. ವಿಳಾಸದ ಕಾರ್ಡು ಒಳಗಿಟ್ಟಿದ್ದೇನೆ. ನನ್ನ ಹೆಸರನ್ನು ಅಚ್ಚು ಹಾಕಿಸಿದ್ದಾರೆ. ಒಂದು ತಪ್ಪೂ ಇಲ್ಲ, ಕನ್ನಡಕ ಹಾಕಿಕೊಂಡು ಮತ್ತೆ ಮತ್ತೆ ನೋಡಿದೆ. ಲಾಸ್ಯ ಮೇಡಂ ಕೊನೆಗೂ ಬಾಯಿ ಬಿಟ್ಟರು. ಬೆಳಗಿನ ಚಿತ್ರಕ್ಕಿಂತ ಈ ಸಂಜೆ ಚೆನ್ನಾಗಿದೆ ಎಂದರು. ಹಾಗಾದರೆ ಬೆಳಗಿನದು ಚೆನ್ನಾಗಿರಲಿಲ್ಲ ಎಂದು ಆಗಲೇ ಯಾಕೆ ಹೇಳಲಿಲ್ಲವೋ.

ಅಮರನನ್ನು ಕರೆದುಕೊಂಡು ನೀನು ಬಾ. ಕೋಪವಿದ್ದರೂ ಕೋಪ ಮಾಡಿಕೊಂಡೇ ಬಾ. ಬೇರೆ ಯಾರು ಏನು ಅಂದರೂ ನಂಬುವುದಿಲ್ಲ. ಸರಿಯಾಗಿದೆ ಎಂದು ನೀನು ನೋಡಿ ಹೇಳಬೇಕು. ಗದ್ದೆ ನೋಡಿದವರು ಅಲ್ಲಿ ನೀನೊಬ್ಬಳೇ ಇರುತ್ತೀಯ.

ಮಾದ

*

ಅಶೋಕಪುರಂ
19 ನವೆಂಬರ್ 2024

ಅಕ್ಕ,

ನೀನು ಬರಲಿಲ್ಲ. ಮೂಗಣ್ಣ ಬಂದಿದ್ದ.

ಭಾನುವಾರ, ಹಾಲಿನ ತುಂಬ ಜನ. ಇಸ್ತ್ರಿ ಪಂಚೆ ಉಟ್ಟು, ಕೈಯಲ್ಲಿ ಫೋನು ಹಿಡಿದುಕೊಂಡು ಬಂದ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ. ಆಮೇಲೆ ಚಿತ್ರದ ಮುಂದೆ ನಿಂತು ತುಂಬಾ ಹೊತ್ತು ತಲೆ ಓರೆ ಮಾಡಿ ನೋಡಿದ. ನನಗೆ ಒಳಗೇ ಖುಷಿಯಾಗುತ್ತಿತ್ತು.

"ಇದ್ಯಾವೂರ ಗದ್ದೆ ಕಣ್ಲಾ ಮಾದ?" ಎಂದ.

"ನಮ್ದೇ ಕಣಣ್ಣ."

"ನಮ್ಮೂರಲ್ಲಿ ನಾಲೆ ಯಾವಾಗ್ಲಾ ಎದ್ದು ಪಡುವ್ಲಿಗೆ ಹೋಯ್ತು? ನನ್ ಗದ್ದೆ ಮೇಲೇ ನೀರು ಹರಿಸ್ಬುಟ್ಟಿದ್ದೀಯಲ್ಲೋ. ಭತ್ತ ಎಲ್ಲಿ ಬೆಳೀಲಿ ನಾನು, ನಿನ್ ತಲೆ ಮೇಲಾ?"

ನಕ್ಕ. ಅವನ ನಗು ನಿನಗೆ ಗೊತ್ತಲ್ಲ, ಹಾಲಿನ ಆ ತುದಿಗೆ ಕೇಳಿಸಿತು. ಕಾಫಿ ಕುಡಿಯುತ್ತಿದ್ದವರೆಲ್ಲ ತಿರುಗಿದರು. ಅವನು ಬೆರಳಿಟ್ಟು ತೋರಿಸತೊಡಗಿದ. ಈ ತೆಂಗು ಎಲ್ಲಿಂದ ಬಂತು? ಹೊಂಗೆ ಎಲ್ಲಿ ಹೋಯಿತು? ಲಾಸ್ಯ ಮೇಡಂ ಹತ್ತಿರ ಬಂದು, ಅವರು ಏನು ಹೇಳುತ್ತಿದ್ದಾರೆ ಮಾದಯ್ಯನವರೇ ಎಂದು ಕೇಳಿದರು. ಮೊದಲು ಹೀಗೇ ಇತ್ತು ಮೇಡಂ, ಈಗ ಬದಲಾಗಿದೆ ಎಂದು ಒಂದು ಸುಳ್ಳು ಹೇಳಿದೆ. ಅವರು ನನ್ನ ಮುಖವನ್ನೂ ನೋಡಿದರು, ಮೂಗಣ್ಣನ ಮುಖವನ್ನೂ ನೋಡಿದರು. ಮೂಗಣ್ಣ ಫೋನಿನಲ್ಲಿ ಚಿತ್ರದ ಫೋಟೋ ಹೊಡೆದುಕೊಂಡು ಹೋದ.

ಮನೆಗೆ ಬಂದು ಭಾನುವಿಗೆ ಆ ಮ್ಯಾಪ್ ತೆಗಿ ಎಂದೆ. ಅವಳು ಈ ಸಲ ನಗಲಿಲ್ಲ. ಬೆರಳಿನಲ್ಲಿ ಅಗಲಿಸಿ ತೋರಿಸಿದಳು. ನಾಲೆ ಮೂಡಲಿಗಿದೆ. ತೆಂಗು ಒಂದೂ ಇಲ್ಲ. ಬಡಗಲ ಬದುವಿನಲ್ಲಿ ಹೊಂಗೆ ಇದೆ, ಮೇಲಿನಿಂದ ನೋಡಿದರೆ ದುಂಡಗೆ ಕೊಡೆ ಬಿಚ್ಚಿಟ್ಟ ಹಾಗೆ.

ನನಗೆ ಅಂಚೆಯವನ ಮೇಲೆ ಅನುಮಾನ, ಹಾಲು ಹಾಕುವವಳ ಮೇಲೆ ಅನುಮಾನ, ಬಣ್ಣದ ಡಬ್ಬಿಗೆ ನೀರು ಬೆರೆಸುತ್ತಾರೆ ಎಂದು ಅಂಗಡಿಯವನ ಮೇಲೆ ಅನುಮಾನ. ಮಗಳ ಮೇಲೂ ಪಟ್ಟೆನಲ್ಲ. ಅವಳು ಲಾಸ್ಯ ಮೇಡಂ ಜೊತೆ ಮಾತಾಡುತ್ತಿದ್ದುದು ನನಗೆ ಒಂದು ಹೊಸ ಅಂಗಿ ಕೊಡಿಸುವ ವಿಷಯವಂತೆ. ಎಲ್ಲರ ಮಾತನ್ನೂ ತಿರುಗಿಸಿ ಮುರುಗಿಸಿ ನೋಡುವವನು ನಿನ್ನೊಬ್ಬಳ ಮಾತನ್ನು ಮಾತ್ರ ಹಾಗೇ ನುಂಗಿದೆ. ನನ್ನ ಕಣ್ಣು ಕಂಡಿದ್ದನ್ನು ಕೆರೆದು ಹಾಕಿ ನೀನು ಬರೆದಿದ್ದನ್ನು ಬರೆದೆ.

ಯಾಕೆ ಹೀಗೆ ಮಾಡಿದೆ? ಬೇರೆ ಏನೂ ಕೇಳುವುದಿಲ್ಲ.

ಮಾದ

*

ಸೋರೆಹುಂಡಿ
29 ನವೆಂಬರ್ 2024

ತಮ್ಮ,

ಮೂಗಣ್ಣನನ್ನು ಕಳಿಸಿದ್ದು ನಾನೇ. ನಿನ್ನ ಕಾರ್ಡನ್ನು ಅವನ ಕೈಗೆ ಕೊಟ್ಟು, ಅಲ್ಲಿ ಚಿತ್ರ ಎನ್ನುವುದೊಂದು ಇದೆಯೋ, ಇಲ್ಲ ರಿಜಿಸ್ಟ್ರಿ ಮಾಡಿಸುವವರು ಕೂತಿದ್ದಾರೋ ನೋಡಿಕೊಂಡು ಬಾ ಎಂದಿದ್ದೆ.

ಅವನು ಬಂದು, ಜಗುಲಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ನಗುತ್ತಾ ಫೋನು ತೋರಿಸಿದ. ಅಮರ ಬೆರಳಿನಲ್ಲಿ ದೊಡ್ಡದು ಮಾಡಿ ನನ್ನ ಕಣ್ಣಿನ ಹತ್ತಿರ ಹಿಡಿದ. ಮೊದಲು ನಾಲೆ ಕಂಡಿತು. ನಾನು ಇಟ್ಟ ಕಡೆಯಲ್ಲೇ ಇತ್ತು. ಬಂಡಿ ದಾರಿಯೂ ನಾನು ಇಟ್ಟ ಕಡೆಯಲ್ಲೇ. ಆಮೇಲೆ ತೆಂಗು. ಬರೀ ಮೂರು ತೆಂಗು ಎಂದರೆ ನೀನು ನಂಬಲಾರೆ ಎಂದು ಮೂರನೆಯದನ್ನು ಬಾಗಿಸಿದ್ದೆ. ಕಾಗದದಲ್ಲಿ ಬಾಗಿಸುವುದಕ್ಕೆ ನನಗೇನು ಖರ್ಚು? ನೀನು ಅದನ್ನೂ ಬಾಗಿಸಿದ್ದೀಯ. ಬುಡದಲ್ಲಿ ಬೇರು ಎದ್ದು ಕಾಣುತ್ತದೆ, ಗಾಳಿಗೆ ಎಷ್ಟೋ ವರ್ಷ ನಿಂತ ಮರದ ಹಾಗೆ. ಇಲ್ಲದ ಮರಕ್ಕೆ ಅಷ್ಟು ಕಷ್ಟಪಟ್ಟಿದ್ದೀಯ. ಎಲ್ಲರೂ ನಗುತ್ತಿದ್ದರು. ನಾನು ಒಳಗೆ ಹೋಗಿ ಒಲೆಯ ಮುಂದೆ ಕೂತೆ.

ಗದ್ದೆ ಮಾರಲು ಹೊರಟವನು ಮರ ಬಾಗಿಸುತ್ತಾ ಕೂರುವುದಿಲ್ಲ.

ಯಾಕೆ ಮಾಡಿದೆ ಎಂದು ಕೇಳಿದ್ದೀಯ. ಚಕ್ಕುಬಂದಿ ತಪ್ಪಿದ್ದರೆ ಪತ್ರ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಮೂಗಣ್ಣ ಹೇಳಿದ್ದ. ಅದಕ್ಕೇ ನಾಲ್ಕೂ ತಪ್ಪು ಬರೆದೆ. ನೀನು ಯಾವ ಕಾಗದ ಮಾಡಿಸಿದರೂ ಅದು ಎಲ್ಲೂ ಇಲ್ಲದ ಗದ್ದೆಯ ಕಾಗದವಾಗಲಿ ಎಂದು. ನಾನು ಓದಿದವಳಲ್ಲ, ನನಗೆ ತೋಚಿದ ಬೇಲಿ ಅದೊಂದೇ. ಬುಡ ಭದ್ರ ಮಾಡಿಕೊಳ್ಳಲು ಹೋಗಿ ನಿನ್ನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿಬಿಟ್ಟೆ.

ಮೂಗಣ್ಣ ಕೊನೆಯಲ್ಲಿ ಇನ್ನೊಂದು ಹೇಳಿದ. "ನಿನ್ ತಮ್ಮ ಎರಡೂ ಕಂಕುಳಿಗೆ ಕೋಲು ಕೊಟ್ಕೊಂಡು ನಿಂತವ್ನೆ ಕಣಮ್ಮಿ, ನಿಂಗೆ ಗೊತ್ತಿಲ್ವಾ?" ಎಂದ. ನನಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ ಹೇಳಿಸಿದೆ. ಅಮರ ಭಾನುವಿಗೆ ಫೋನು ಮಾಡಿ ತಿಳಿದುಕೊಂಡ. ಜೂನ್‌ನಲ್ಲಿ ಏಣಿಯಿಂದ ಬಿದ್ದೆಯಂತೆ. ತೊಡೆಗೆ ರಾಡು ಹಾಕಿದ್ದಾರಂತೆ. ಅತ್ತೆಗೆ ಹೇಳಿದರೆ ನಾನು ಊಟ ಬಿಡುತ್ತೇನೆ ಎಂದು ಅವಳ ಬಾಯಿ ಕಟ್ಟಿದ್ದೆಯಂತೆ.

ಚೆನ್ನಾಗಿದ್ದೇನೆ ಎಂದು ಮೊದಲ ಸಾಲಿನಲ್ಲೇ ಬರೆದೆಯಲ್ಲೋ. ಬರಲಾರೆ, ಕಾಲು ಮುರಿದಿದೆ ಎಂದು ಒಂದು ಮಾತು ಬರೆದಿದ್ದರೆ ನಾಲೆ ಮೂಡಲಿಗೇ ಇರುತ್ತಿತ್ತು.

ಪುಟ್ಟಲಿಂಗಮ್ಮ

*

ಅಶೋಕಪುರಂ
8 ಡಿಸೆಂಬರ್ 2024

ಅಕ್ಕನಿಗೆ,

ನಾಟಿಯ ಕಾಲದಲ್ಲಿ ನಿನಗೆ ತಿಳಿದಿದ್ದರೆ ಅಗೆಯನ್ನು ಸಸಿಮಡಿಯಲ್ಲೇ ಬಿಟ್ಟು ಬಸ್ಸು ಹತ್ತುತ್ತಿದ್ದೆ. ಈ ವರ್ಷದ ಅನ್ನ ಹೋಗುತ್ತಿತ್ತು. ಅದಕ್ಕೆ ಹೇಳಲಿಲ್ಲ. ಇನ್ನೊಂದು ಕಾರಣವೂ ಇದೆ. ಇನ್ನು ಏಣಿ ಹತ್ತಬಾರದು ಎಂದು ಡಾಕ್ಟರು ಹೇಳಿದ್ದಾರೆ. ಏಣಿ ಹತ್ತದ ಬೋರ್ಡಿನವನು ಏನು ಮಾಡುತ್ತಾನೆ? ಅದನ್ನು ಬರೆದರೆ ನಿಜವಾಗಿಬಿಡುತ್ತದೆ ಅನ್ನಿಸುತ್ತಿತ್ತು. ಅದಕ್ಕೇ ಈ ಚಿತ್ರದ ಮೇಲೆ ಅಷ್ಟು ಜೀವ ಇಟ್ಟಿದ್ದು. ಕೂತು ಮಾಡುವ ಕೆಲಸ ಇದೊಂದೇ ಉಳಿದಿರುವುದು.

ಲಾಸ್ಯ ಮೇಡಂಗೆ ನಾನೇ ಹೋಗಿ ನಿಜ ಹೇಳಿದೆ. ನಾಲ್ಕು ದಿಕ್ಕೂ ಸುಳ್ಳು, ನನ್ನಕ್ಕ ಗದ್ದೆ ಉಳಿಸಿಕೊಳ್ಳಲು ಬರೆದದ್ದು ಎಂದೆ. ಅವರು ಚಿತ್ರದ ಮುಂದೆ ಹೋಗಿ ನಿಂತು, ಹಾಗಾದರೆ ತಿದ್ದುತ್ತೀರಾ ಎಂದು ಕೇಳಿದರು. ಇಲ್ಲ ಎಂದೆ. ನಾಲೆಯನ್ನು ಆ ಕಡೆ ಹಾಕಿದರೆ ಸಂಜೆ ಹೋಗುತ್ತದೆ. ಸಂಜೆ ಹೋದರೆ ನೀನು ಮತ್ತೆ ಬಗ್ಗಬೇಕು. ಸೊಂಟದ ಮೇಲೆ ಕೈಯಿಟ್ಟು ಸುಮ್ಮನೆ ನಿಂತಿದ್ದನ್ನು ನಾನು ಒಂದು ದಿನವೂ ನೋಡಿಲ್ಲ, ಅಲ್ಲಾದರೂ ನಿಂತಿರು. ಇನ್ನೊಂದು ಚಿತ್ರ ಬೇಕು, ಈ ಸಲ ಗದ್ದೆಯ ಮುಂದೆ ಕೂತೇ ಬರೆಯಿರಿ ಎಂದಿದ್ದಾರೆ. ಯಾಕೆ ಬೇಕು ಎಂದು ಕೇಳಲಿಲ್ಲ. ಕೇಳಬೇಕಿತ್ತು ಎಂದು ಮನೆಗೆ ಬಂದ ಮೇಲೆ ಅನ್ನಿಸಿತು.

ಗದ್ದೆಯನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇನೆ. ಭಾನುವನ್ನು ಕೇಳಿದೆ, ಅವಳೂ ಸಹಿ ಹಾಕುತ್ತಾಳೆ. ಸರಿಯಾದ ಚಕ್ಕುಬಂದಿಯನ್ನು ಬರೆಯುವವರಿಗೆ ನೀನೇ ಹೇಳು, ನಾನು ಕೇಳಿಸಿಕೊಳ್ಳುವುದಿಲ್ಲ, ಬೇಕಾದರೆ ಹೊರಗೆ ಕೂತಿರುತ್ತೇನೆ.

ಒಂದು ಮಾತ್ರ. ಮ್ಯಾಪಿನಲ್ಲಿ ದಿನಾ ನೋಡುತ್ತಿದ್ದೇನೆ. ಹೊಂಗೆಯ ಪಕ್ಕದಲ್ಲಿ ಒಂದು ಬಿಳೀ ಚೌಕ ಕಾಣುತ್ತದೆ. ಅದೇನು? ಸೈಟಿನವರು ಏನಾದರೂ ಕಟ್ಟಿದ್ದಾರೆಯೇ?

ಮಾದ

*

ಸೋರೆಹುಂಡಿ
16 ಡಿಸೆಂಬರ್ 2024

ತಮ್ಮ ಮಾದನಿಗೆ,

ಬಿಳೀ ಚೌಕ ನನ್ನ ಹಸುವಿನ ಕೊಟ್ಟಿಗೆಯ ತಗಡು. ಹೋದ ವರ್ಷ ಅಮರ ಹಾಕಿಸಿದ. ಆಕಾಶದಿಂದ ನನ್ನ ಹಸುವನ್ನು ಕಾಯುವುದು ಬಿಡು.

ಬರೆದುಕೊಡುತ್ತೇನೆ ಎಂದು ಓದಿದ ಕೂಡಲೇ ನನಗೆ ಹೊಸ ಹೆದರಿಕೆ ಹತ್ತಿಕೊಂಡಿತು, ನಿಜ ಹೇಳುತ್ತೇನೆ. ಕೇಳದೆ ಕೊಡುವವನ ಹಿಂದೆ ಯಾರಿದ್ದಾರೋ ಎಂದು. ಎರಡು ದಿನ ಕಾಗದವನ್ನು ಅಕ್ಕಿ ಡಬ್ಬದ ಮೇಲಿಟ್ಟು ಹೋಗುತ್ತಾ ಬರುತ್ತಾ ನೋಡಿದೆ. ಮೂಗಣ್ಣನಿಗೆ ತೋರಿಸಲಿಲ್ಲ. ಅವನು ಕೇಳಿದ, ಮಾದ ಏನು ಬರೆದವ್ನೆ ಎಂದು. ಕಾಲು ನೋವಂತೆ ಎಂದೆ. ನಿನ್ನ ಗದ್ದೆಯನ್ನು ನನಗೇ ಕೊಟ್ಟುಬಿಡಮ್ಮಿ, ಹೊರಗಿನವರ ಪಾಲಾಗುವುದು ಬೇಡ ಎಂದು ಆಗಲೇ ಮೆಲ್ಲಗೆ ಮಾತು ತೆಗೆದ. ಅವನ ಚಕ್ಕುಬಂದಿ ಪಾಠ ಯಾತಕ್ಕಿತ್ತು ಎಂದು ನನಗೆ ಈಗ ಸ್ವಲ್ಪ ತಿಳಿಯಿತು.

ಮೂಡಲಿಗೆ ನಾಲೆ. ಪಡುವಲಿಗೆ ಮೂಗಣ್ಣನ ಗದ್ದೆ, ಬದುವನ್ನು ವರ್ಷಕ್ಕಿಷ್ಟು ನನ್ನ ಕಡೆ ತಳ್ಳುತ್ತಾನೆ. ತೆಂಕಲಿಗೆ ಬಂಡಿ ದಾರಿ. ಬಡಗಲಿಗೆ ಹೊಂಗೆ ಮರ. ಇದನ್ನು ಅಮರನ ಕೈಯಲ್ಲೂ ಬರೆಸಲಿಲ್ಲ. ನಾನೇ ಬರೆದೆ, ನಿನಗೇ.

ಕಟಾವಿಗೆ ಮೊದಲು ಬಾ. ಭಾನುವನ್ನು ಕರೆದುಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಡು, ಬೆಳಗಿನದರಲ್ಲಿ ನೂಕಾಟ. ಮೋರಿಯ ಹತ್ತಿರ ಇಳಿಯಬೇಡ, ಇಳಿಜಾರಿದೆ. ಮುಂದೆ ಅರಳಿಕಟ್ಟೆಯ ಹತ್ತಿರ ಇಳಿ. ಅಮರ ಆಟೋ ತಂದಿರುತ್ತಾನೆ. ಗದ್ದೆಯ ಹತ್ತಿರ ನಿನಗೆ ಮಂಚ ಹಾಕಿಸಿಕೊಡುತ್ತೇನೆ. ನಾನು ಎಷ್ಟು ಹೊತ್ತು ಬೇಕಾದರೂ ಸುಮ್ಮನೆ ನಿಲ್ಲುತ್ತೇನೆ, ಆದರೆ ಹಲ್ಲು ಕಾಣುವ ಹಾಗೆ ಬರೆಯಬೇಡ.

ಯಾವ ಪತ್ರವನ್ನೂ ತರಬೇಡ. ಬರೆದುಕೊಡುವುದನ್ನು ನಿನ್ನ ಕಾಲು ನೆಟ್ಟಗಾದ ಮೇಲೆ ನೋಡೋಣ. ಈಗ ಬಣ್ಣದ ಪೆಟ್ಟಿಗೆ ಒಂದನ್ನೇ ತಾ. ಅದನ್ನೂ ಬಾಗಿಲಲ್ಲೇ ತೆಗೆಸಿ ನೋಡಿ ಒಳಗೆ ಬಿಡುತ್ತೇನೆ.

ನಿನ್ನ ಅಕ್ಕ
ಪುಟ್ಟಲಿಂಗಮ್ಮ